ಬೆಳ್ಳಿಯ ಬಟ್ಟಲೂ ಅದರ ಪ್ರತಿಕೃತಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದವನು ನಾನು. ಈ ಸೀಮೆಯ ಎಷ್ಟು ಮಂದಿ ಹುಡುಗರ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಿಂದ ‘ನಕಲು’ ಎಂದು ಬರೆದು ಸೊನ್ನೆ ಸುತ್ತಿದೆನೋ ಲೆಕ್ಕವಿಟ್ಟಿಲ್ಲ. ಆ ಮೂರಕ್ಷರದ ಮಾತು ನನ್ನ ಕಿವಿಗೆ ಬೈಗುಳದಂತೆಯೇ ಕೇಳಿಸುತ್ತಿದ್ದಿತು. ಅಂಥವನು ಈಗ ನಕಲಿನ ಪರವಾಗಿ ನಾಲ್ಕು ಮಾತು ಬರೆಯಲು ಕುಳಿತಿರುವುದನ್ನು ಕಂಡರೆ ನನ್ನ ಹಳೆಯ ಶಿಷ್ಯರು ನಗದೆ ಇರಲಾರರು. ನಗಲಿ. ಈ ಬುದ್ಧಿ ನನಗೆ ಬಂದುದೂ ಅವರಲ್ಲೊಬ್ಬನಿಂದಲೇ.

ಜರ್ಮನಿಯಲ್ಲಿ ಎಂಜಿನಿಯರಾಗಿರುವ ಆ ಶಿಷ್ಯನು ರಜೆಯಲ್ಲಿ ಊರಿಗೆ ಬಂದಾಗ ನನ್ನನ್ನು ನೋಡಲು ಬಂದನು. ನಮಸ್ಕರಿಸಿ, ಚೀಲದೊಳಗಿಂದ ಬಟ್ಟೆ ಸುತ್ತಿದ ಒಂದು ಬಟ್ಟಲನ್ನು ತೆಗೆದು ನನ್ನ ಮುಂದಿಟ್ಟು, “ಮೇಷ್ಟ್ರೇ, ಇದೂ ನಕಲೇ. ಆದರೆ ಇದಕ್ಕೆ ಸೊನ್ನೆ ಹಾಕಬೇಡಿ” ಎಂದನು. ಅವನ ಪತ್ರಿಕೆಯ ಮೇಲೂ ಒಮ್ಮೆ ಆ ಮೂರಕ್ಷರ ಬಿದ್ದಿದ್ದಿತು, ಅವನು ಮರೆತಿರಲಿಲ್ಲ. ಬಟ್ಟಲು ಅಗಲವಾಗಿ, ಬೆಳ್ಳಗೆ ಹೊಳೆಯುತ್ತಿದ್ದಿತು. ಅದರ ನಡುವೆ ಉಬ್ಬಿ ನಿಂತ ಒಂದು ಗುಂಡುಗೆನ್ನೆಯ ಶಿಶು. ಅದರ ಎರಡು ಮುಷ್ಟಿಗಳಲ್ಲೂ ಒಂದೊಂದು ಹಾವು. ಕಾಫಿ ತಂದ ಸೊಸೆ ನೋಡಿ, “ಮಾವ, ಬಾಲಕೃಷ್ಣ ಎಷ್ಟು ಮುದ್ದಾಗಿದ್ದಾನೆ! ದೇವರ ಮನೆಯಲ್ಲಿ ಇಡೋಣವೇ?” ಎಂದಳು. ಪಾವಗಡದ ನಾಗಲಮಡಿಕೆಗೆ ಹೋಗಿ ಸುಬ್ರಹ್ಮಣ್ಯನಿಗೆ ಬೆಳ್ಳಿಯ ನಾಗರವನ್ನು ಒಪ್ಪಿಸಿ ಬರುವ ಮನೆತನದವಳಿಗೆ ಹಾಗೆನಿಸಿದುದು ಸಹಜ. ಅವನು ಕೃಷ್ಣನಲ್ಲ, ಹರ್ಕ್ಯುಲೀಸನೆಂಬ ಯವನ ವೀರನೆಂದೂ, ತೊಟ್ಟಿಲಲ್ಲಿದ್ದಾಗಲೇ ತನ್ನನ್ನು ಕೊಲ್ಲಬಂದ ಎರಡು ಸರ್ಪಗಳನ್ನು ಹಿಸುಕಿ ಹಾಕಿದನೆಂದೂ ಶಿಷ್ಯನು ವಿವರಿಸಿದನು. “ಬೆಳ್ಳಿಯದೋ?” ಎಂದು ಕೇಳಿದೆ. “ಮೇಲೆ ಮಾತ್ರ ಬೆಳ್ಳಿ, ಒಳಗೆ ತಾಮ್ರ” ಎಂದನು. ನನ್ನ ಮುಖ ತಟ್ಟನೆ ಇಳಿದುಹೋಯಿತು. ಅದೇಕೆಂಬುದನ್ನು ಮುಂದೆ ಹೇಳುವೆನು. ಮೊದಲು ಬಟ್ಟಲಿನ ಕಥೆ.

ಜರ್ಮನಿಯ ಉತ್ತರಭಾಗದಲ್ಲಿ ಹಿಲ್ಡೆಸ್‌ಹೈಮ್ ಎಂಬ ಪಟ್ಟಣವಿದೆ. ೧೮೬೮ನೆಯ ಅಕ್ಟೋಬರ್ ೧೭ರಂದು ಅಲ್ಲಿನ ಒಂದು ಗುಡ್ಡದ ಬಳಿ ಪ್ರಷ್ಯಾದೇಶದ ಸಿಪಾಯಿಗಳು ಗುಂಡು ಹಾರಿಸುವ ಅಭ್ಯಾಸಕ್ಕಾಗಿ ನೆಲವನ್ನು ಅಗೆಯುತ್ತಿದ್ದರು. ಮಣ್ಣಿನೊಳಗಿಂದ ಕಪ್ಪುಹಿಡಿದ ಪಾತ್ರೆಗಳು ಒಂದೊಂದಾಗಿ ಎದ್ದುಬಂದುವು. ತೊಳೆದು ನೋಡಿದರೆ ಬೆಳ್ಳಿ! ಸುಮಾರು ೭೦ ಪಾತ್ರೆಗಳು—ಕ್ರಿಸ್ತನ ಕಾಲದ ಆಸುಪಾಸಿನಲ್ಲಿ ಯಾವನೋ ರೋಮನ್ ಶ್ರೀಮಂತನ ಭೋಜನಶಾಲೆಯನ್ನು ಬೆಳಗಿದ್ದಂಥವು. ಕುಡಿಯುವ ಬೆಳ್ಳಿಯೆಂದೂ ಉಣ್ಣುವ ಬೆಳ್ಳಿಯೆಂದೂ ರೋಮನರು ತಮ್ಮ ಪಾತ್ರೆಗಳನ್ನು ಎರಡು ವರ್ಗವಾಗಿ ಎಣಿಸುತ್ತಿದ್ದರು. ಈ ನಿಧಿಯಲ್ಲಿ ಎರಡೂ ಇದ್ದುವು. ಚಿನ್ನದ ಮುಲಾಮಿನ ಮಿನರ್ವಾದೇವಿ ಕುಳಿತಿರುವ ಬಟ್ಟಲೊಂದು ಇವುಗಳಲ್ಲೆಲ್ಲ ಪ್ರಸಿದ್ಧವಾದುದು. ನನ್ನ ಮುಂದಿದ್ದ ಶಿಶುವಿನ ಬಟ್ಟಲಿನ ಮೂಲವೂ ಅದೇ ನಿಧಿಯದು. ಜರ್ಮನರ ಕಾಡಿನಲ್ಲಿ ಕ್ರಿ.ಶ. ೯ರಲ್ಲಿ ಸೈನ್ಯಸಮೇತ ನಾಶವಾದ ವಾರುಸನೆಂಬ ರೋಮನ್ ಸೇನಾಪತಿಯ ಪಾತ್ರೆಗಳಿವು ಎಂದು ಕೆಲವರು ಊಹಿಸಿದುದುಂಟು. ಅದು ಸಿದ್ಧಪಟ್ಟ ಮಾತಲ್ಲ. ನನ್ನ ಮನಸ್ಸನ್ನು ಸೆಳೆದ ಸಂಗತಿ ಬೇರೊಂದು. ಕೆಲವು ಪಾತ್ರೆಗಳ ತಳದಲ್ಲಿ ಅವುಗಳ ತೂಕವನ್ನು ಸಣ್ಣ ಅಕ್ಷರಗಳಲ್ಲಿ ಗೀರಿ ಬರೆದಿದ್ದಾರಂತೆ. ನಮ್ಮ ಹೆಂಗಸರು ತವರಿನಿಂದ ತಂದ ತಂಬಿಗೆಯ ತಳದಲ್ಲಿ ಹೆಸರು ಕೊರೆಸುವಂತೆಯೇ! ಎರಡು ಸಾವಿರ ವರ್ಷ, ಅಷ್ಟು ಸಾವಿರ ಹರದಾರಿ—ಆದರೂ ಮನೆಯೆಂಬುದು ಎಲ್ಲೆಲ್ಲಿಯೂ ಒಂದೇ.

ಆ ಮೂಲಪಾತ್ರೆಗಳು ಇಂದು ಹಿಲ್ಡೆಸ್‌ಹೈಮಿನಲ್ಲಿಲ್ಲ. ಅವು ಬರ್ಲಿನ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿದುವು; ಸಿಕ್ಕಿದ ಊರಿಗೆ ಉಳಿದುದು ಪ್ರತಿಕೃತಿಗಳು. ಇದನ್ನು ಕೇಳಿದಾಗ ನನಗೆ ಆ ಊರಿನವರ ವಿಷಯದಲ್ಲಿ ಕನಿಕರವೇ ಆಯಿತು. “ಹಾಗಲ್ಲ ಮೇಷ್ಟ್ರೇ, ಅಲ್ಲಿಯವರಿಗೆ ಅವುಗಳ ಮೇಲೆ ಬಹಳ ಅಭಿಮಾನ” ಎಂದನು ಶಿಷ್ಯ.

ಈ ಪ್ರತಿಕೃತಿಗಳನ್ನು ಮಾಡುವ ಕ್ರಮವೂ ತಿಳಿಯತಕ್ಕದ್ದೇ. ೧೮೩೮ರಲ್ಲಿ ರಷ್ಯಾದೇಶದಲ್ಲಿದ್ದ ಯಾಕೋಬಿಯೆಂಬ ವಿಜ್ಞಾನಿ ಇದನ್ನು ಲೋಕಕ್ಕೆ ತಿಳಿಸಿದನು. ಮೊದಲು ಮೂಲಪಾತ್ರೆಯಿಂದ ಅಚ್ಚು ತೆಗೆಯುವರು. ಆ ಅಚ್ಚಿನ ಒಳಮೈಗೆ ಪೆನ್ಸಿಲಿನ ಕಡ್ಡಿಯಲ್ಲಿರುವಂಥ ಕರಿಯ ಪುಡಿಯನ್ನು ಸವರಿ, ಅದನ್ನು ಮೈಲುತುತ್ತದ ನೀರಿನಲ್ಲಿ ಇಳಿಬಿಡುವರು. ಎದುರಿಗೆ ತಾಮ್ರದ ತಗಡೊಂದನ್ನು ತೂಗಹಾಕಿ ವಿದ್ಯುತ್ತನ್ನು ಹರಿಸಿದರೆ, ತಾಮ್ರವು ಕಣಕಣವಾಗಿ ತಗಡನ್ನು ಬಿಟ್ಟು ಬಂದು ಅಚ್ಚಿನ ಮೈಯಲ್ಲಿ ನೆಲೆಸುವುದು. ಸಾಕಷ್ಟು ದಪ್ಪವಾದ ಮೇಲೆ ಅಚ್ಚನ್ನು ಬಿಡಿಸಿ, ಅದೇ ವಿದ್ಯುತ್ತಿನ ಸಹಾಯದಿಂದ ಬೆಳ್ಳಿಯ ತೆಳುವಾದ ಹೊದಿಕೆಯನ್ನು ಕೊಡುವರು. ಕುಶಲಿಯಾದ ಕಮ್ಮಾರನೂ ನೋಡಿ ಮಾಡುವಾಗ ತನ್ನ ಕೈಯ ಗುಣವನ್ನು ಸ್ವಲ್ಪವಾದರೂ ಸೇರಿಸುವನು, ಇಲ್ಲಿ ಹಾಗಿಲ್ಲ. ಮೂಲದಲ್ಲಿ ಉಳಿ ಜಾರಿದ ಗೆರೆಯಿದ್ದರೆ ಇದರಲ್ಲೂ ಅದಿರುವುದು. ಮೂಲದ ಅಂಚು ಸವೆದಿದ್ದರೆ ಇದರದೂ ಸವೆದಿರುವುದು. ತೂಕ ಒಂದನ್ನು ಬಿಟ್ಟರೆ ಕಣ್ಣಿಗೂ ಬೆರಳಿಗೂ ಭೇದ ತೋರದು. ಇಂಗ್ಲೆಂಡಿನಲ್ಲಿ ಎಲ್ಕಿಂಗ್‌ಟನ್ನರೂ ಫ್ರಾನ್ಸಿನಲ್ಲಿ ಕ್ರಿಸ್ತೋಫ್ಲ್ ಕಂಪೆನಿಯವರೂ ಜರ್ಮನಿಯ ಗೈಸ್ಲಿಂಗೆನ್ನಿನ ಕಾರ್ಖಾನೆಯವರೂ ಈ ಕೆಲಸದಲ್ಲಿ ಹೆಸರಾದವರು. ಹಿಲ್ಡೆಸ್‌ಹೈಮಿನ ಬೆಳ್ಳಿಗೆ ಕ್ರಿಸ್ತೋಫ್ಲ್‌ನವರೂ ಗೈಸ್ಲಿಂಗೆನ್ನಿನವರೂ ಪ್ರತಿಕೃತಿಗಳನ್ನು ಮಾಡಿದರು. ೧೮೬೭ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದಿದ್ದ ಐರೋಪ್ಯ ರಾಜಕುಮಾರರು, ಒಂದು ದೇಶದ ಉತ್ತಮ ಕಲಾವಸ್ತುಗಳ ಪ್ರತಿಕೃತಿಗಳು ಉಳಿದ ದೇಶಗಳ ವಸ್ತುಸಂಗ್ರಹಾಲಯಗಳಿಗೂ ದೊರೆಯುವಂತಾಗಲೆಂದು ಒಂದು ಒಡಂಬಡಿಕೆಗೆ ರುಜು ಹಾಕಿದರು. ಲಂಡನ್ನಿನ ಹೆನ್ರಿ ಕೋಲ್ ಎಂಬವನು ಅದಕ್ಕಾಗಿ ಶ್ರಮಿಸಿದವನು. ದೂರದೇಶಕ್ಕೆ ಹೋಗಿ ನೋಡುವ ಶಕ್ತಿಯಿಲ್ಲದ ವಿದ್ಯಾರ್ಥಿಯ ಬಳಿಗೆ ವಿದ್ಯೆಯೇ ಹೋಗಬೇಕೆಂಬುದು ಅವರ ಆಶಯ. ಉಪಾಧ್ಯಾಯನಾದ ನನಗೆ ಈ ಆಶಯದಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು.

“ರೋಮಿಗೂ ನಮಗೂ ಏನು ನಂಟು?” ಎಂದು ವಾಚಕರು ಕೇಳಬಹುದು. ನಂಟು ಬಹಳ ದೂರದ್ದೇನಲ್ಲ. ಶಿರಾದಿಂದ ಹಿರಿಯೂರಿನ ಮೇಲೆ ಹೋದರೆ ಸುಮಾರು ೮೦ ಕಿಲೋಮೀಟರಿಗೆ ಚಿತ್ರದುರ್ಗ. ಆ ಊರಿಗೆ ತಗುಲಿಕೊಂಡಂತೆಯೇ ಚಂದ್ರವಳ್ಳಿಯ ಕಣಿವೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ೧೯೨೯ರಲ್ಲಿ ಅಲ್ಲಿ ಅಗೆಸಿದರು. ೧೯೪೭ರಲ್ಲಿ ವೀಲರ್ ಸಾಹೇಬರು ಮತ್ತೆ ಅಗೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ಆ ನೆಲದಲ್ಲಿ ಸಿಕ್ಕಿದುವು ಅಗಸ್ಟಸ್, ಟೈಬೀರಿಯಸ್ ಎಂಬ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ಇಂಥವೇ ೧೬೩ ನಾಣ್ಯಗಳು ಒಂದೆಡೆ ದೊರೆತುವು. ಭಾರತದ ಸರಕಿಗಾಗಿ ವರ್ಷಕ್ಕೆ ೫ ಕೋಟಿ ಸೆಸ್ಟರ್ಸ್ ನಾಣ್ಯ ಹರಿದುಹೋಗುತ್ತಿದೆಯೆಂದು ಪ್ಲಿನಿಯೆಂಬ ರೋಮನ್ ಪಂಡಿತನು ಗೊಣಗಿದ್ದಾನೆ. ಆ ಹೊಳೆಯ ನಾಲ್ಕು ಹನಿಗಳು ನಮ್ಮ ನೆರೆಯಲ್ಲಿ ಬಿದ್ದುವು.

ಬರಿಯ ನಾಣ್ಯವೇ ಅಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ, ಭರುಕಚ್ಛದ ರೇವಿನಲ್ಲಿ ಅಲ್ಲಿನ ರಾಜನಿಗಾಗಿ ಇಳಿಸುತ್ತಿದ್ದ ಸರಕುಗಳ ಪಟ್ಟಿಯಿದೆ. ಅದರಲ್ಲಿ ಉತ್ತಮ ಮದ್ಯ, ಬೆಲೆಯುಳ್ಳ ಬಟ್ಟೆ ಮೊದಲಾದುವುಗಳ ಸಂಗಡ ಬೆಲೆಬಾಳುವ ಬೆಳ್ಳಿಯ ಪಾತ್ರೆಗಳೂ ಸೇರಿವೆ. ನನ್ನ ಮುಂದಿನ ಬಟ್ಟಲಿನ ಅಣ್ಣತಮ್ಮಂದಿರು ನಮ್ಮ ದೇಶದ ಅರಸರ ಪಂಕ್ತಿಯಲ್ಲಿ ಕುಳಿತಿದ್ದುವು! ಅವೆಲ್ಲ ಎಲ್ಲಿಗೆ ಹೋದುವು? ಕುಲುಮೆಗೆ ಹೋಗಿರಬೇಕು. ಮಣ್ಣಿನ ಕುಡಿಕೆ ಒಡೆದರೂ ಅದರ ಚೂರನ್ನು ಯಾರೂ ಕರಗಿಸರು. ಆದುದರಿಂದ ಅದು ಉಳಿಯುವುದು. ಬೆಳ್ಳಿಗೆ ಆ ಭಾಗ್ಯವಿಲ್ಲ. ಕಷ್ಟ ಬಂದಾಗ ಅದರ ರೂಪವನ್ನು ಯಾರೂ ಕೇಳರು, ತೂಕವನ್ನೇ ಕೇಳುವರು. ಹಿಲ್ಡೆಸ್‌ಹೈಮಿನ ಪಾತ್ರೆಗಳು ಬದುಕಿದುದು ಯಾರೋ ಹೂತಿಟ್ಟು ಮರಳಿ ಬಾರದೆ ಹೋದುದರಿಂದ. ಇಟಲಿಯ ಬಾಸ್ಕೊರಿಯಾಲೆಯಲ್ಲಿ ೧೮೯೫ರಲ್ಲಿ ಸಿಕ್ಕಿದ ನೂರಕ್ಕೂ ಹೆಚ್ಚು ಬೆಳ್ಳಿಯ ವಸ್ತುಗಳು ಬದುಕಿದುದು ಕ್ರಿ.ಶ. ೭೯ರಲ್ಲಿ ವೆಸುವಿಯಸ್ ಪರ್ವತವು ಬೆಂಕಿಯುಗುಳಿ ಆ ಮನೆಯನ್ನೇ ಮುಚ್ಚಿದುದರಿಂದ. ಒಡೆಯನಿಗೆ ಬಂದ ಆಪತ್ತೇ ಪಾತ್ರೆಗೆ ಆಯುಸ್ಸಾಯಿತು.

ಇನ್ನೊಂದು ಸಂಗತಿ. ದಕ್ಷಿಣಾಪಥದ ಕೆಲವು ಪುರಾತನ ನೆಲೆಗಳಲ್ಲಿ, ತೆಲಂಗಾಣದ ಕೊಂಡಾಪುರ ಮೊದಲಾದೆಡೆಗಳಲ್ಲಿ, ರೋಮನ್ ನಾಣ್ಯಗಳನ್ನು ನೋಡಿ ಮಣ್ಣಿನಲ್ಲಿ ಒತ್ತಿದ ಬಿಲ್ಲೆಗಳು ಸಿಕ್ಕಿವೆ. ಕೊರಳಿಗೆ ಕಟ್ಟಿಕೊಳ್ಳಲು ದಾರ ಪೋಣಿಸುವ ತೂತು ಅಥವಾ ಕುಣಿಕೆಯೂ ಉಂಟು. ಬೆಳ್ಳಿಯ ನಾಣ್ಯವನ್ನು ಕೊಳ್ಳಲಾರದ ಯಾವಳೋ ಬಡವಿ ಮಣ್ಣಿನ ಟೈಬೀರಿಯಸ್ಸನನ್ನು ಕಟ್ಟಿಕೊಂಡು ಹಬ್ಬ ಮಾಡಿದಳೆಂದು ನಾನು ಭಾವಿಸಿಕೊಳ್ಳುವೆನು. ಅವಳು ಯಾರನ್ನು ವಂಚಿಸಿದಳು? ಮಣ್ಣನ್ನು ಬೆಳ್ಳಿಯೆಂದು ಯಾರಾದರೂ ನಂಬುವರೇ? ಆದರೆ ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿ ನಾಣ್ಯವೆಂದು ಚಲಾಯಿಸಿದವರೂ ರೋಮಿನಲ್ಲಿದ್ದರು. ಕೆಲಸ ನೋಡಿದರೆ ಎರಡೂ ನಕಲೇ. ಅಂತರಂಗ ನೋಡಿದರೆ ಒಂದು ಒಲವು, ಇನ್ನೊಂದು ಕಳವು.

ಈ ಭೇದವನ್ನು ನಮ್ಮ ಹಿರಿಯರು ಅರಿಯದವರಲ್ಲ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರ ಓದಿದವರಿಗೆಲ್ಲ ಶ್ರೀಶಂಕುಕನ ಚಿತ್ರತುರಗನ್ಯಾಯ ನೆನಪಿರುವುದು. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವೆವು. ಅದು ನಿಶ್ಚಯವಾದ ಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯ ತಿಳಿವೂ ಅಲ್ಲ. ಈ ನಾಲ್ಕನ್ನೂ ಮೀರಿದ ಐದನೆಯ ಬಗೆಯದು. ನಟನಲ್ಲಿ ರಾಮನನ್ನು ಕಾಣುವುದೂ ಹಾಗೆಯೇ ಎಂದು ಅವನ ವಾದ. ಭಾಸನ ಪ್ರತಿಮಾನಾಟಕದಲ್ಲಿ, ಸೋದರಮಾವನ ಮನೆಯಿಂದ ಮರಳುವ ಭರತನು ಅಯೋಧ್ಯೆಯ ಹೊರಗಿನ ಪ್ರತಿಮಾಗೃಹವನ್ನು ಹೊಕ್ಕು, ತನ್ನ ಪೂರ್ವಜರ ಸಾಲಿನಲ್ಲಿ ದಶರಥನ ಪ್ರತಿಮೆಯನ್ನು ಕಾಣುವನು. ಬದುಕಿರುವವರ ಪ್ರತಿಮೆಗಳನ್ನು ಅಲ್ಲಿ ನಿಲ್ಲಿಸರೆಂದು ತಿಳಿದಾಗಲೇ ತಂದೆ ಇಲ್ಲವೆಂಬುದು ಅವನಿಗೆ ಗೊತ್ತಾಗುವುದು. ಯಾವ ದೂತನೂ ಹೇಳದ ಸತ್ಯವನ್ನು ಒಂದು ಪ್ರತಿಕೃತಿ ಹೇಳಿತು! ಇಷ್ಟೆಲ್ಲ ದೂರವೇಕೆ, ನಮ್ಮ ಮಧುಗಿರಿಯ ವೆಂಕಟರಮಣಸ್ವಾಮಿಯ ಗುಡಿಗೆ ಹೋದರೂ ಸಾಕು. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಬೀದಿಗೆ ಬಂದು ನಡೆಯಲಾರದ ಮುದುಕಿಗೂ ದರ್ಶನ ಕೊಡುವುದು ಉತ್ಸವಮೂರ್ತಿ. ಅದನ್ನು ನಕಲೆಂದು ಯಾವನಾದರೂ ಹಳಿದುದುಂಟೆ? ಬರ್ಲಿನ್ನಿನಲ್ಲಿರುವುದು ಮೂಲಮೂರ್ತಿ, ಶಿಷ್ಯನ ಚೀಲದಲ್ಲಿ ಮಧುಗಿರಿಗೆ ದಯಮಾಡಿಸಿದುದು ಉತ್ಸವಮೂರ್ತಿ.

ಇಷ್ಟನ್ನೂ ನಾನು ಬಾಯಿಪಾಠ ಒಪ್ಪಿಸಬಲ್ಲವನಾಗಿದ್ದೆ. ಆದರೆ ಬೇಕಾದ ಹೊತ್ತಿಗೆ ಅದು ನನ್ನ ನೆರವಿಗೆ ಬರಲಿಲ್ಲ. ಅದನ್ನೇ ಈಗ ಹೇಳಬೇಕಾಗಿದೆ.

ಕೊರಟಗೆರೆ ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಬೆಳ್ಳಿಯ ಬಟ್ಟಲಿದ್ದಿತು. ನನ್ನ ಮುತ್ತಜ್ಜಿಯದು. ಒಳತಳದಲ್ಲಿ ಎಂಟೆಸಳಿನ ಕಮಲ, ಅಂಚಿನಲ್ಲಿ ಒಂದೆಡೆ ಸಣ್ಣ ನೆಗ್ಗು, ಹೊರತಳದಲ್ಲಿ ಮುತ್ತಜ್ಜಿಯ ಹೆಸರು. ಹಬ್ಬದ ದಿನ ಪಾಯಸಕ್ಕೆ, ಶ್ರಾದ್ಧದ ದಿನ ಅರ್ಘ್ಯಕ್ಕೆ ಅದೇ. ಬಡ ಅರ್ಚಕರ ಮನೆಯಲ್ಲಿ ಬೆಳ್ಳಿಯೆಂಬುದು ಅದೊಂದೇ. ನನ್ನ ತಂದೆಯವರು ತೀರಿಕೊಂಡು ಮೊದಲನೆಯ ವರ್ಷದ ಆಬ್ದಿಕ ಬಂದಿತು. ವಿಭೂತಿಯಿಂದ ತೊಳೆಯಬೇಕಾದ ಬಟ್ಟಲನ್ನು ನನ್ನ ತಂಗಿ ಗಡಿಬಿಡಿಯಲ್ಲಿ ಹುಣಿಸೆಹಣ್ಣು ಹಾಕಿ ಗಟ್ಟಿಯಾಗಿ ತಿಕ್ಕಿದಳು. ಕಮಲದ ಎಸಳುಗಳ ತುದಿಯಲ್ಲಿ ಕೆಂಪಗೆ ತಾಮ್ರ ಕಂಡಿತು.

ಪುರೋಹಿತರು ಆಗಲೇ ಬಂದು ಕುಳಿತಿದ್ದರು. ನಾನು ಒಳಗೆ ಹೋಗಿ ತಾಯಿಯವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಮೈಸೂರಿಗೆ ಓದಲು ಹೋದ ವರ್ಷ ಮಳೆಯಾಗಲಿಲ್ಲ. ಮನೆಯಲ್ಲಿ ಇನ್ನೇನಿತ್ತು? ಬಟ್ಟಲು ಮಾರಿದರು. ನಿನಗೆ ಗೊತ್ತಾದರೆ ಓದು ಬಿಟ್ಟು ಬಂದುಬಿಡುತ್ತೀಯೆ ಅಂತ, ಮಾರುವುದಕ್ಕೆ ಮುಂಚೆ ಅದನ್ನು ನೋಡಿಕೊಂಡು ಇದನ್ನು ಮಾಡಿಸಿದರು” ಎಂದರು. ಇಷ್ಟು ಕೇಳಿದ ಮಗನು ಕಣ್ಣೀರು ಹಾಕಬೇಕಾಗಿದ್ದಿತು. ನಾನು ಹಾಕಲಿಲ್ಲ. ಹೊಸದಾಗಿ ಶಾಸ್ತ್ರ ಓದಿದ ಗರ್ವ, “ಇಷ್ಟು ವರ್ಷ ಪಿತೃಗಳಿಗೆ ಗಿಲೀಟಿನ ಬಟ್ಟಲಲ್ಲಿ ನೀರು ಬಿಟ್ಟರೇ!” ಎಂದು ಹೊರಗೆ ಕೇಳಿಸುವಂತೆ ಕೂಗಿದೆ. ತಾಯಿಯವರು, “ಈಗ ನೀರು ತೆಗೆದುಕೊಳ್ಳುವವರು ಅವರೇ ಅಲ್ಲವೇನಪ್ಪ? ತಾವೇ ಮಾಡಿಸಿದ ಬಟ್ಟಲನ್ನು ಬೇಡ ಅಂತಾರೆಯೇ?” ಎಂದರು. ನಾನು ಉತ್ತರ ಕೊಡದೆ ನೆರೆಮನೆಯಿಂದ ಬೆಳ್ಳಿಯ ಬಟ್ಟಲನ್ನು ಎರವಲು ತರಿಸಿದೆ. ಮರುವರ್ಷ ಸಂಬಳದ ಹಣದಲ್ಲಿ ಹೊಸದನ್ನು ಕೊಂಡೆ. ತಂದೆಯವರ ಬಟ್ಟಲು ಅಟ್ಟ ಸೇರಿತು. ತಾಯಿಯವರು ತಾವು ಇರುವವರೆಗೂ ಅದರ ಮಾತನ್ನು ಮತ್ತೆ ಎತ್ತಲಿಲ್ಲ.

ಶಿಷ್ಯನ ಬಟ್ಟಲಿನೊಳಗೆ ತಾಮ್ರವೆಂದು ಕೇಳಿದಾಗ ನನ್ನ ಮುಖ ಇಳಿದುದು ಇದರಿಂದ. ಅವನು ಹೋದ ಮೇಲೆ ಬಟ್ಟಲನ್ನು ಮಗುಚಿ ನೋಡಿದೆ. ತಳದಲ್ಲಿ ಗೈಸ್ಲಿಂಗೆನ್ನಿನ ಕಾರ್ಖಾನೆಯ ಮುದ್ರೆಯಿದ್ದಿತು. ‘ನನ್ನನ್ನು ರೋಮಿನವನೆಂದು ತಿಳಿಯಬೇಡಿ, ನಾನು ಇಂಥಲ್ಲಿ ಹುಟ್ಟಿದವನು’ ಎಂದು ಅದು ತಾನಾಗಿಯೇ ಒಪ್ಪಿಕೊಳ್ಳುತ್ತಿದ್ದಿತು. ಅದು ಸುಳ್ಳಾಗದಿರುವುದು ಆ ಮುದ್ರೆಯಿಂದ ಎಂದುಕೊಂಡೆ. ತಂದೆಯವರ ಬಟ್ಟಲಿಗೆ ಅಂಥ ಗುರುತಿಲ್ಲವಲ್ಲ ಎಂದೂ ಎಂದುಕೊಂಡೆ. ಎಂದುಕೊಂಡವನು ಏಣಿ ಹಾಕಿಸಿ ಅಟ್ಟದಿಂದ ಅದನ್ನು ಇಳಿಸಿದೆ.

ಧೂಳೊರಸಿ ನೋಡಿದೆ. ಎಂಟೆಸಳಿನ ಕಮಲವಿದ್ದಿತು. ಅಂಚಿನ ನೆಗ್ಗೂ ಇದ್ದಿತು. ನೆಗ್ಗನ್ನೂ ಬಿಡದೆ ಮಾಡಿಸಿದ್ದರು. ಮಗುಚಿದೆ. ತಳದಲ್ಲಿ ಏನೂ ಇರಲಿಲ್ಲ. ಕಮಲವನ್ನೂ ನೆಗ್ಗನ್ನೂ ಮಾಡಬಲ್ಲ ಕಂಚುಗಾರನಿಗೆ ಐದಾರು ಅಕ್ಷರ ಕೊರೆಯುವುದು ಕಷ್ಟವೇ? ಮುತ್ತಜ್ಜಿಯ ಹೆಸರನ್ನು ತಂದೆಯವರೇ ಬಿಡಿಸಿದ್ದರು. ರೂಪವನ್ನು ಉಳಿಸಿಕೊಳ್ಳಲು ಅವರಿಗೆ ಮನಸ್ಸು ಬಂದಿತು; ಅವಳ ಹೆಸರನ್ನು ತಾಮ್ರದ ಮೇಲೆ ಹಾಕಿ ಅವಳದೇ ಎನಿಸಲು ಬರಲಿಲ್ಲ. ಆ ಬರಿದಾದ ತಳವೇ ಅವರ ಮುದ್ರೆ. ಓದಬಲ್ಲವನಾಗಿದ್ದರೆ ಆ ದಿನವೇ ಓದಬಹುದಾಗಿದ್ದಿತು.

ಮತ್ತೊಂದು ಮಾತು ಆ ರಾತ್ರಿ ನೆನಪಾಗಿ ನನಗೆ ನಿದ್ರೆ ಬರಲಿಲ್ಲ. ಪಿತೃಗಳಿಗೆ ಬೆಳ್ಳಿಯ ಪಾತ್ರೆಯಲ್ಲಿ ಶ್ರದ್ಧೆಯಿಂದ ಕೊಟ್ಟ ನೀರು ಅಕ್ಷಯವಾಗುವುದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುವುದು. ಇದನ್ನು ಹಿಡಿದೇ ನಾನು ಅಂದು ಕೂಗಾಡಿದುದು. ಆದರೆ ಅದೇ ಶ್ಲೋಕವು ಬೆಳ್ಳಿಯ ಪಾತ್ರೆಯಾಗದಿದ್ದರೆ ಬೆಳ್ಳಿ ಕೂಡಿದ ಪಾತ್ರೆಯೂ ಆಗಬಹುದೆಂದು ಕೂಡಲೇ ವಿಕಲ್ಪವನ್ನು ಕೊಡುವುದು. ಪಾಠಶಾಲೆಯಲ್ಲಿ ಅಷ್ಟು ವರ್ಷ ಓದಿದ ನಾನು ಶ್ಲೋಕದ ಅರ್ಧವನ್ನು ಹಿಡಿದು ತಾಯಿಯ ಮೇಲೆ ಎಸೆದೆ. ಹಳ್ಳಿಯ ಅರ್ಚಕರಾದ ನನ್ನ ತಂದೆಯವರು ಉಳಿದರ್ಧವನ್ನೂ ಓದಿದ್ದರು. ಸುಮ್ಮನೆ ತಾಮ್ರದಲ್ಲಿ ನಿಲ್ಲಿಸದೆ, ಇಲ್ಲದ ಹಣದಲ್ಲಿ ಮೇಲೆ ಬೆಳ್ಳಿಯನ್ನು ಕೊಡಿಸಿದುದು ನನ್ನ ಕಣ್ಣು ಮರೆಸುವುದಕ್ಕೆ ಮಾತ್ರವಲ್ಲ.

ಮುತ್ತಜ್ಜಿಯ ಬಟ್ಟಲು ಎಂದೋ ಕರಗಿ ಯಾರ ಕಾಲಿನ ಗೆಜ್ಜೆಯೋ ಆಗಿರಬೇಕು. ಅವಳ ಕಮಲವು ಈ ಲೋಕದಲ್ಲಿ ಉಳಿದಿರುವುದು ಈ ತಾಮ್ರದಲ್ಲಿ ಮಾತ್ರ. ಬೆಳ್ಳಿ ಅಕ್ಕಿಯಾಯಿತು, ನನ್ನ ಪುಸ್ತಕವಾಯಿತು, ಮೈಮೇಲಿನ ಪಂಚೆಯಾಯಿತು. ರೂಪವನ್ನು ತಂದೆಯವರು ಕುಲುಮೆಗೆ ಹೋಗಗೊಡಲಿಲ್ಲ. ವಸ್ತುಸಂಗ್ರಹಾಲಯದ ಪಂಡಿತರು ರೋಮಿನ ಬೆಳ್ಳಿಗೆ ಮಾಡಿದುದನ್ನೇ ಅವರು ತಮ್ಮ ಮನೆಯ ಬೆಳ್ಳಿಗೆ ಮಾಡಿದರು.

ಮರುದಿನ ಪಾತ್ರೆಯ ಅಂಗಡಿಗೆ ಹೋದೆ. ಹೆಸರು ಕೊರೆಯುವ ಹುಡುಗನು ಯಂತ್ರವನ್ನು ಹಿಡಿದು, “ಯಾರ ಹೆಸರು ಮೇಷ್ಟ್ರೇ?” ಎಂದನು. ತಂದೆಯವರ ಹೆಸರನ್ನು ಹೇಳಿ, “ಕೆಳಗೆ ‘ಮಾಡಿಸಿದ್ದು’ ಎಂದು ಬರಿ. ಅದರ ಕೆಳಗೆ ‘ತಾಮ್ರ’ ಎಂದು ಬರಿ” ಎಂದೆ. “ತಾಮ್ರ ಅಂತಲೂ ಬರೀಬೇಕೇ? ಯಾರೂ ಹಾಗೆ ಬರೆಸಲ್ಲ” ಎಂದು ನಕ್ಕನು. “ಬರಿ” ಎಂದೆ, ಬರೆದನು.

ಈ ವರ್ಷದ ಶ್ರಾದ್ಧದಲ್ಲಿ ತಂದೆಯವರಿಗೆ ಅರ್ಘ್ಯವನ್ನು ಆ ಬಟ್ಟಲಿನಿ೦ದಲೇ ಬಿಟ್ಟೆ. ಪುರೋಹಿತರು ಕಮಲದ ತುದಿಯ ಕೆಂಪನ್ನು ನೋಡಿ ನನ್ನ ಮುಖವನ್ನು ನೋಡಿದರು. ಉಳಿದ ಎಸಳುಗಳಲ್ಲಿ ಇನ್ನೂ ಬೆಳ್ಳಿಯಿದೆ, ಅಷ್ಟು ಸಾಕೆಂದು ಶಾಸ್ತ್ರವಿದೆ ಎಂದೆ. ಅವರು ಒಪ್ಪಿ ಮುಂದಿನ ಮಂತ್ರವನ್ನು ಹೇಳಿದರು. ಹರ್ಕ್ಯುಲೀಸನ ಬಟ್ಟಲನ್ನು ಸೊಸೆ ನಡುಮನೆಯ ಬೀರುವಿನಲ್ಲಿ ಇಟ್ಟಿದ್ದಾಳೆ. ಬಂದವರು ಬೆಳ್ಳಿಯೇ ಎಂದು ಕೇಳಿದರೆ, ಅಲ್ಲ, ಪ್ರತಿಕೃತಿ ಎಂದು ಹೇಳುವೆನು. ಹೇಳುವಾಗ ಈಗ ನನ್ನ ದನಿ ತಗ್ಗುವುದಿಲ್ಲ.